ಸಕ್ಕರೆಯ ತೂಕಕ್ಕೆ ಅಮೃತಶಿಲೆ

ಮೊರಾಕೋ ದೇಶದ ಮನೆಗಳಲ್ಲಿ ಪುದೀನ ಹಾಕಿದ ಚಹಾದೊಡನೆ ‘ಮೆಸ್ಕೂತಾ’ ಎಂಬ ಕೇಕನ್ನು ಕೊಡುವುದುಂಟು. ಹಿಟ್ಟು, ಮೊಟ್ಟೆ, ಎಣ್ಣೆ, ಸಕ್ಕರೆ, ಜೊತೆಗೆ ಕಿತ್ತಳೆಯ ರಸ ಅಥವಾ ಮೊಸರು, ಇಷ್ಟೇ. ಮೇಲೆ ಅಲಂಕಾರವೇನೂ ಇರುವುದಿಲ್ಲ. ಇದನ್ನು ಅಲ್ಲಿಯ ಸಾಂಪ್ರದಾಯಿಕ ತಿನಿಸೆನ್ನುತ್ತಾರೆ. ಎನ್ನಲಿ, ನನಗೆ ಸೋಜಿಗವೆನಿಸುವುದು ಆ ಸಂಪ್ರದಾಯದ ವಯಸ್ಸು.

ಚಹಾ ಅಲ್ಲಿಯ ಸಾಮಾನ್ಯರ ಪಾನೀಯವಾದದ್ದೇ 19ನೆಯ ಶತಮಾನದಲ್ಲಿ. 1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಿಂದ ತಮ್ಮ ಹಳೆಯ ಮಾರುಕಟ್ಟೆಗಳು ಕೈತಪ್ಪಿದಾಗ ಇಂಗ್ಲಿಷ್ ವರ್ತಕರು ಚೀನದ ಹಸಿರು ಚಹಾವನ್ನು ಟ್ಯಾಂಜಿಯರ್, ಮೊಗದೋರ್ ಬಂದರುಗಳಿಗೆ ತಂದು ಸುರಿದರು. ಕೇಕನ್ನು ಉಬ್ಬಿಸುವ ಬೇಕಿಂಗ್ ಪುಡಿಯೂ ಅದೇ ಶತಮಾನದ್ದು.

ಸಕ್ಕರೆಯ ಕಥೆ ಮಾತ್ರ ಹಳೆಯದು. ನಮ್ಮ ‘ಸಕ್ಕರೆ’ಗೂ ಅರಬರ ‘ಸುಕ್ಕರ್’ಗೂ ‘ಶರ್ಕರಾ’ ಎಂಬುದೇ ಮೂಲ. 16ನೆಯ ಶತಮಾನದಲ್ಲಿ ಸಾದೀ ವಂಶದ ಸುಲ್ತಾನರು ಸೂಸ್ ಪ್ರಾಂತದಲ್ಲಿ ಕಬ್ಬು ಬೆಳೆಸಿದರು, ನೀರಿನ ಬಲದಿಂದ ತಿರುಗುವ ಆಲೆಗಳನ್ನು ಹೂಡಿದರು, ಇಂಗ್ಲೆಂಡಿಗೆ ಸಕ್ಕರೆ ಮಾರಿದರು. 1578ರಲ್ಲಿ ಪೋರ್ಚುಗೀಸರು ಸೋತ ರಣರಂಗದಲ್ಲೇ ಸುಲ್ತಾನನಾದ ಅಹ್ಮದ್ ಅಲ್-ಮನ್ಸೂರ್ ಮರಾಕೇಶಿನಲ್ಲಿ ಎಲ್ ಬದೀ ಅರಮನೆಯನ್ನು ಕಟ್ಟಿಸಿದ. ಇಟಲಿಯ ಅಮೃತಶಿಲೆಗೆ ಆತ ತೆತ್ತದ್ದು ತೂಕಕ್ಕೆ ತೂಕ ಸಕ್ಕರೆ ಎಂದು ಹೇಳುತ್ತಾರೆ. ಆದರೆ ಆ ಆಲೆಗಳಲ್ಲಿ ದುಡಿದವರಲ್ಲಿ ಗುಲಾಮರಿದ್ದರು. ಅರಮನೆಯ ವರ್ಣನೆಗಳು ಹೇರಳವಾಗಿವೆ. ಅವರ ಹೆಸರುಗಳು ನಮಗೆ ದೊರೆತಿಲ್ಲ.

ಮುಂದೆ ಆಲೆಗಳು ನಿಂತುಹೋದವು. ಕಬ್ಬಿನ ನಾಡು ತನ್ನ ಚಹಾದ ಸಕ್ಕರೆಗೆ ಯೂರೋಪಿನ ಹಡಗುಗಳನ್ನು ಕಾಯುವಂತಾಯಿತು. ಫ್ರೆಂಚರ ಆಳ್ವಿಕೆಯಲ್ಲಿ, 1929ರಲ್ಲಿ, ಕಾಸಾಬ್ಲಾಂಕಾದಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. ಅರಮನೆಯ ಅಮೃತಶಿಲೆಯೋ, ಅದಾಗಲೇ ಇರಲಿಲ್ಲ: ಸುಲ್ತಾನ್ ಮೂಲಾಯ್ ಇಸ್ಮಾಯಿಲ್ ಅದನ್ನು ಕಿತ್ತು ತನ್ನ ಮೆಕ್ನೆಸ್ ನಗರಕ್ಕೆ ಸಾಗಿಸಿದ್ದ.