ಗಡಿ ಒಂದು, ಕೆಲಸ ಹಲವು: ಮುಂಬಯಿಯ ಕಲ್ಲಚ್ಚಿನಿಂದ ರಾಸ್ಟರ್ ಮಾಸ್ಕ್‌ವರೆಗೆ

ಛಾಯಾಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಸ್ಕ್ ಎಂದರೆ ಒಂದು ತಿದ್ದುಪಡಿ ಚಿತ್ರದ ಯಾವ ಭಾಗಕ್ಕೆ, ಎಷ್ಟರ ಮಟ್ಟಿಗೆ ತಾಗಬೇಕು ಎಂದು ತೋರಿಸುವ ಕಪ್ಪುಬಿಳುಪು ನಕ್ಷೆ. ಸಾಮಾನ್ಯವಾಗಿ ಅದನ್ನು ಆಯಾ ಉಪಕರಣದ ಅಂಗವೆಂದೇ ಎಣಿಸುವುದರಿಂದ ಬೆಳಕು ತಗ್ಗಿಸಲು ಒಂದು ಮಾಸ್ಕ್, ಬಣ್ಣ ಬದಲಿಸಲು ಮತ್ತೊಂದು ಎಂದು ಒಂದೇ ಆಕಾಶವನ್ನು ಮತ್ತೆ ಮತ್ತೆ ಕತ್ತರಿಸಬೇಕಾಗುತ್ತದೆ. ಮಾಸ್ಕ್ ಉಪಕರಣದ ಸೊತ್ತಲ್ಲ, ಚಿತ್ರದ ಸೊತ್ತು. ಒಮ್ಮೆ ತೀರ್ಮಾನಿಸಿದ ಗಡಿಯನ್ನು ಎಲ್ಲ ಉಪಕರಣಗಳೂ ಹಂಚಿಕೊಳ್ಳಬೇಕು ಎಂಬುದು ನನ್ನ ವಾದ. ಮುಂಬಯಿಯ ಚಿತ್ರಮುದ್ರಣ ಮತ್ತು ಸಿನಿಮಾ ಕಸುಬುಗಳು ಕಂಪ್ಯೂಟರಿಗೆ ಬಹಳ ಮೊದಲೇ ಇದನ್ನು ಕಂಡುಕೊಂಡಿದ್ದವು.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ ಬಣ್ಣದ ಕಲ್ಲಚ್ಚಿನದು. ಈ ವಿಧಾನದಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಕಲ್ಲು ಬೇಕು. ಆದರೆ ಸೀರೆಯ ಅಂಚನ್ನು ಪ್ರತಿ ಕಲ್ಲಿನ ಮೇಲೂ ಹೊಸದಾಗಿ ಅಂದಾಜಿನಿಂದ ಬರೆಯುತ್ತಿರಲಿಲ್ಲ. ಮೊದಲು ಹೊರರೇಖೆಯ ಒಂದು ಮೂಲ ಕಲ್ಲು ಸಿದ್ಧವಾಗುತ್ತಿತ್ತು. ಅದರ ಅಚ್ಚಿಗೆ ಕೆಂಪು ಪುಡಿ ಉದುರಿಸಿ ಉಳಿದ ಕಲ್ಲುಗಳ ಮೇಲೆ ಒತ್ತಿದರೆ, ಮುದ್ರಣದಲ್ಲಿ ಮೂಡದ ತೆಳುವಾದ ಗೆರೆ ಉಳಿಯುತ್ತಿತ್ತು. ಕಲಾವಿದ ಆ ಗೆರೆಯೊಳಗೆ ತನ್ನ ಪಾಲಿನ ಬಣ್ಣದ ಚುಕ್ಕಿಗಳನ್ನು ತುಂಬುತ್ತಿದ್ದ. ಬಣ್ಣ ಎಷ್ಟೇ ಇರಲಿ, ಗಡಿ ಒಂದೇ. ಇದೇ ಮುದ್ರಣಾಲಯಕ್ಕೆ ಕೆಲಸ ಮಾಡಿ, ಮುಂದೆ ಬಣ್ಣದ ಮುದ್ರಣದ ಯಂತ್ರಗಳಿಗಾಗಿ ಜರ್ಮನಿಗೂ ಹೋಗಿಬಂದ ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದರು. ಭಾರತೀಯ ಸಿನಿಮಾದ ಮೊದಲ ಟ್ರಿಕ್ ದೃಶ್ಯಗಳ ಹಿಂದೆ ಅಚ್ಚುಮನೆಯ ಈ ಶಿಸ್ತು ಇತ್ತೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಸಿನಿಮಾ ಕ್ಯಾಮೆರಾದೊಳಗಿನ ಮಾಸ್ಕ್ ಇನ್ನೂ ನಿಷ್ಠುರವಾದ ಸಾಕ್ಷ್ಯ. ಚೌಕಟ್ಟಿನ ಒಂದು ಭಾಗ ಮುಚ್ಚಿ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಈಗ ಮತ್ತೊಂದು ಭಾಗ ಮುಚ್ಚಿ ಪುನಃ ಚಿತ್ರೀಕರಿಸಬೇಕು. 1987ರ ‘ಮಿಸ್ಟರ್ ಇಂಡಿಯಾ’ದ ಟ್ರಿಕ್ ದೃಶ್ಯಗಳನ್ನು ಮಾಡಿದ ಪೀಟರ್ ಪರೇರಾ ಇಂಥ ಕ್ಯಾಮೆರಾ ಕೈಚಳಕಕ್ಕೆ ಹೆಸರಾದವರು. ಎರಡನೆಯ ಮಾಸ್ಕ್ ಮೊದಲನೆಯದರ ತದ್ವಿರುದ್ಧ ರೂಪವಾಗಿರಲೇಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಎರಡು ಭಾಗಗಳ ನಡುವೆ ಕಪ್ಪು ಗೆರೆಯೋ ಬಿಳಿ ಗೆರೆಯೋ ಮೂಡಿ ದೃಶ್ಯ ಕೆಟ್ಟಂತೆಯೇ.

ಡಾರ್ಕ್‌ಟೇಬಲ್ ಎಂಬ ಛಾಯಾಚಿತ್ರ ತಿದ್ದುವ ಮುಕ್ತ ತಂತ್ರಾಂಶ ಇದೇ ತತ್ವವನ್ನು ಕಂಪ್ಯೂಟರಿಗೆ ತರುವಂತೆ 2018ರ ಡಿಸೆಂಬರ್‌ನಲ್ಲಿ, ತನ್ನ 2.6ನೇ ಆವೃತ್ತಿಯಲ್ಲಿ, ರಾಸ್ಟರ್ ಮಾಸ್ಕ್ ತಂದಿತು. ಒಂದರ ನಂತರ ಒಂದು ಕೆಲಸ ಮಾಡುವ ಅದರ ಮಾಡ್ಯೂಲ್‌ಗಳಲ್ಲಿ (ಉಪಕರಣಗಳಲ್ಲಿ) ಒಂದು ರೂಪಿಸಿದ ಮಾಸ್ಕನ್ನು ಮುಂದಿನ ಮಾಡ್ಯೂಲ್‌ಗಳು ಹಾಗೆಯೇ ಪಡೆಯಬಹುದು, ತಿರುವುಮುರುವು ಮಾಡಿಯೂ ಬಳಸಬಹುದು. ಇದರ ಅಗತ್ಯ ತಿಳಿಯಲು ಮಳೆಗಾಲದ ಮೋಡದೆದುರು ಬಾಂದ್ರಾ–ವರ್ಲಿ ಸೇತುವೆಯ ಚಿತ್ರವನ್ನು ನೋಡಬೇಕು. ಹೊಳಪಿನ ಮಿತಿಗಳನ್ನು ಸಂಖ್ಯೆಯಲ್ಲಿ ಕೊಟ್ಟು ಆಯ್ಕೆ ಮಾಡುವ ಪ್ಯಾರಾಮೆಟ್ರಿಕ್ ಮಾಸ್ಕ್ ಮಾಡಿ, ಎಕ್ಸ್‌ಪೋಷರ್ ಮಾಡ್ಯೂಲ್‌ನಲ್ಲಿ ಆಕಾಶವನ್ನು ಕಪ್ಪಾಗಿಸಿದೆವೆನ್ನಿ. ಅದೇ ಮೌಲ್ಯಗಳನ್ನು ಬಣ್ಣದ ಮಾಡ್ಯೂಲ್‌ಗೆ ಕೊಟ್ಟರೆ ಅಲ್ಲಿ ಸಿಗುವುದು ಬೇರೆಯೇ ಮಾಸ್ಕ್: ಆಕಾಶದ ಹೊಳಪು ಈಗಾಗಲೇ ಇಳಿದಿದೆ, ಆಯ್ಕೆ ಮೋಡದಿಂದ ಜಾರಿ ತೇವದಿಂದ ಮಿನುಗುವ ಕೇಬಲ್‌ಗಳನ್ನು ಹಿಡಿಯಬಹುದು. ಸಂಖ್ಯೆಗಳನ್ನು ನಕಲು ಮಾಡಿದರೆ ಗಡಿ ನಕಲಾಗುವುದಿಲ್ಲ. ರಾಸ್ಟರ್ ಮಾಸ್ಕ್ ದಾಟಿಸುವುದು ಫಲಿತಾಂಶವನ್ನೇ. ನಡುವೆ ಲೆನ್ಸ್‌ನ ಬಾಗು ತಿದ್ದುವ ಮಾಡ್ಯೂಲ್ ಇದ್ದರೆ ಚಿತ್ರದ ಜೊತೆಗೆ ಮಾಸ್ಕೂ ಬಾಗುತ್ತದೆ.

ಗುಂಡಿ ಒತ್ತಿದರೆ ಆಕಾಶ ಆಯ್ಕೆಯಾಗುವಾಗ ಮರುಬಳಕೆ ಏಕೆ ಎಂದು ಕೇಳಬಹುದು. ಲೈಟ್‌ರೂಮ್ ತಂತ್ರಾಂಶ 2021ರಿಂದ ಈ ಸೌಲಭ್ಯ ಕೊಡುತ್ತಿದೆ. ಆದರೆ ಸ್ವಯಂಚಾಲಿತ ಆಯ್ಕೆ ಎಡವುವುದು ಕೇಬಲ್‌ನಂಥ ಸಪೂರ ಅಂಚುಗಳಲ್ಲಿಯೇ. ಅಲ್ಲಿ ಕೈಯಿಂದ ತಿದ್ದಿದ ಶ್ರಮ ಪ್ರತಿ ಸಲವೂ ಕಳೆದುಹೋಗಬಾರದು. ಲೈಟ್‌ರೂಮ್ ಕೂಡ ಒಂದೇ ಮಾಸ್ಕ್‌ನಡಿ ಹಲವು ಸ್ಲೈಡರ್‌ಗಳನ್ನು ಇಟ್ಟು ಈ ತತ್ವವನ್ನು ಅರ್ಧ ಒಪ್ಪಿಕೊಂಡಿದೆ.

ಒಂದು ತಪ್ಪು ಎಲ್ಲ ಮಾಡ್ಯೂಲ್‌ಗಳಿಗೂ ಹರಡುತ್ತದೆ ಎಂಬ ಆತಂಕಕ್ಕೆ ಉತ್ತರ ಸುಲಭ: ಅದನ್ನು ಒಂದೇ ಕಡೆ ತಿದ್ದಿದರೆ ಎಲ್ಲ ಕಡೆಯೂ ಸರಿಯಾಗುತ್ತದೆ. ಹೆಚ್ಚು ತೂಕದ ಆಕ್ಷೇಪ ಬೇರೆಯದು: ಪ್ರತಿ ಉಪಕರಣಕ್ಕೂ ತನ್ನದೇ ಅಂಚು ಬೇಕಲ್ಲವೇ? ಹರಿತಗೊಳಿಸುವ ಕೆಲಸಕ್ಕೆ ಬಿಗಿಯಾದ ಅಂಚು, ಬಣ್ಣ ಹಾಯಿಸಲು ಮೃದುವಾದದ್ದು. ಇದು ನಿಜ. ಆದರೆ ಕಲ್ಲಚ್ಚಿನ ಕಲಾವಿದನೂ ಸಮಾನ ಗೆರೆಯಿಂದಲೇ ಹೊರಟು, ಬಣ್ಣಕ್ಕೆ ತಕ್ಕಂತೆ ಚುಕ್ಕಿಗಳನ್ನು ಒಳಕ್ಕೋ ಹೊರಕ್ಕೋ ವಿರಳಗೊಳಿಸುತ್ತಿದ್ದ. ಡಾರ್ಕ್‌ಟೇಬಲ್‌ನಲ್ಲಿಯೂ ಕೈಯಿಂದ ಬರೆದ ಆಕಾರವನ್ನು ಇನ್ನೊಂದು ಮಾಡ್ಯೂಲ್‌ನಲ್ಲಿ ಬಳಸುವಾಗ ಅಂಚಿನ ಮೃದುತ್ವವನ್ನು ಅಲ್ಲಲ್ಲೇ ಹೊಂದಿಸಬಹುದು. ಮೂಲ ಗಡಿ ಸಮಾನವಾಗಿರಲಿ, ಅದರ ಮೃದುತ್ವ ಉಪಕರಣದ ಪಾಲಿಗಿರಲಿ.

ನಿಜವಾದ ಕೊರತೆ ಇರುವುದು ಅನುಕ್ರಮದಲ್ಲಿ. ರಾಸ್ಟರ್ ಮಾಸ್ಕ್ ಮುಂದಕ್ಕಷ್ಟೇ ಹರಿಯುತ್ತದೆ. ಕ್ಯಾಮೆರಾದ ಪ್ರೊಫೈಲ್ ಆಧರಿಸಿ ನಾಯ್ಸ್ (ಚಿತ್ರದ ಕಾಳುಕಾಳು ದೋಷ) ತಗ್ಗಿಸುವ ಮಾಡ್ಯೂಲ್ ರೂಢಿಯ ಕ್ರಮದಲ್ಲಿ ಎಕ್ಸ್‌ಪೋಷರ್‌ಗಿಂತ ಮೊದಲೇ ಬರುವುದರಿಂದ, ಎಕ್ಸ್‌ಪೋಷರ್‌ನಲ್ಲಿ ಮಾಡಿದ ಆಕಾಶದ ಮಾಸ್ಕ್ ಅದಕ್ಕೆ ದಕ್ಕದು. ಕ್ರಮ ಬದಲಿಸಬಹುದಾದರೂ, ಮಾಸ್ಕ್‌ಗಾಗಿ ಬಿಂಬಸಂಸ್ಕರಣೆಯ ತರ್ಕವನ್ನೇ ಕೆಡಿಸುವುದು ಸಲ್ಲದು. ಮೂಲ ಕಲ್ಲು ಯಾವ ಬಣ್ಣಕ್ಕೂ ಸೇರದೆ ಎಲ್ಲ ಬಣ್ಣಗಳಿಗಿಂತ ಮೊದಲು ಸಿದ್ಧವಾಗುತ್ತಿತ್ತು. ಮಾಸ್ಕೂ ಹಾಗೆಯೇ ಯಾವ ಮಾಡ್ಯೂಲ್‌ಗೂ ಅಂಟದೆ, ಸಾಲಿನ ಆರಂಭದಲ್ಲಿ ತನ್ನದೇ ಹೆಸರಿನಲ್ಲಿ ನಿಲ್ಲುವಂತೆ ತಂತ್ರಾಂಶಗಳನ್ನು ರೂಪಿಸಬೇಕು.