ವೆನಿಲ್ಲಾ ಬಳ್ಳಿ ಮತ್ತು ಹನ್ನೆರಡು ವರ್ಷದ ಎಡ್ಮಂಡ್

ಐಸ್‌ಕ್ರೀಮಿನ ವೆನಿಲ್ಲಾ ಒಂದು ಬಳ್ಳಿಯ ಕೋಡು ಎಂದು ಹೇಳಿದರೆ ಮಕ್ಕಳು ಪಕ್ಕನೆ ನಂಬುವುದಿಲ್ಲ. (ಅವರು ತಿನ್ನುವುದರಲ್ಲಿ ಹೆಚ್ಚಿನದು ಕಾರ್ಖಾನೆಯ ಪರಿಮಳ, ಅದು ಬೇರೆ ವಿಷಯ.) ಕಾಸರಗೋಡಿನ ನಮ್ಮ ಅಡಿಕೆ ತೋಟಗಳಲ್ಲಿ 2000ದ ನಂತರ ಕೆಲವು ವರ್ಷ ಈ ಬಳ್ಳಿಗೆ ಭಾರೀ ಮರ್ಯಾದೆ ಇತ್ತು. ಹೂ ಬಿಡುವ ಕಾಲದಲ್ಲಿ ಮನೆಮಂದಿಯೆಲ್ಲ ಬೆಳಿಗ್ಗೆಯೇ ಹಿಡಿಸೂಡಿ ಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಆ ಕಡ್ಡಿಯ ಕೆಲಸ ಲೋಕಕ್ಕೆ ಬಂದದ್ದು ಒಬ್ಬ ಗುಲಾಮ ಹುಡುಗನಿಂದ. ಅವನಿಗೆ ಆಗ ನಮ್ಮ ಏಳನೇ ತರಗತಿ ಮಕ್ಕಳ ಪ್ರಾಯ.

ವೆನಿಲ್ಲಾ ಸೀತಾಳೆ ದಂಡೆಯ ಹಾಗೆ ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಹುಟ್ಟೂರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ಅಲ್ಲಿನ ಟೊಟೊನಾಕ್ ಜನರಿಗೆ ಇದು ಮೊದಲೇ ಗೊತ್ತಿತ್ತು, ಅಜ್ಟೆಕರು ಕೊಕ್ಕೋ ಪಾನೀಯಕ್ಕೆ ಬೆರೆಸುತ್ತಿದ್ದರು. 1521ರಲ್ಲಿ ಸ್ಪೇನಿನವರು ಅಜ್ಟೆಕರ ರಾಜಧಾನಿಯನ್ನು ಗೆದ್ದ ಮೇಲೆ ಕೋಡು ಯುರೋಪಿಗೆ ಹೋಯಿತು, ಬಳ್ಳಿಯೂ ಹೋಯಿತು. ಆದರೆ ಹೋದಲ್ಲೆಲ್ಲ ಬಳ್ಳಿ ಹಬ್ಬಿತೇ ಹೊರತು ಕಾಯಿ ಕಚ್ಚಲಿಲ್ಲ! ಹೂವಿನೊಳಗೆ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ಒಂದು ತೆಳು ಪರದೆ ಇದೆ. ಮೆಕ್ಸಿಕೋದ ಕಾಡಿನ ಕೆಲವು ಜೇನುಗಳು ಅದನ್ನು ದಾಟಿಸುತ್ತವೆ. ಹೊರಗೆ ಆ ಜೇನುಗಳಿಲ್ಲ.

1836ರಲ್ಲಿ ಬೆಲ್ಜಿಯಂನ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಮೊರೆನ್ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಕಾಯಿ ಬರಿಸಿದರು. ಆದರೆ ಅವರ ವಿಧಾನ ತೋಟದ ಕೆಲಸಕ್ಕೆ ಒದಗಲಿಲ್ಲ. ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕೆ ಫ್ರೆಂಚರ ರಿಯೂನಿಯನ್ ದ್ವೀಪವಿದೆ. ಎಡ್ಮಂಡ್ ಅಲ್ಲಿ 1829ರಲ್ಲಿ ಹುಟ್ಟಿದ. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಅವನನ್ನು ಇಟ್ಟುಕೊಂಡಿದ್ದ ಯಜಮಾನ ಬೆಲಿಯೆ-ಬೋಮೋಂಗೆ ಗಿಡಗಳ ಹುಚ್ಚು. ಕಲ್ಲಂಗಡಿ ಜಾತಿಯ ಬಳ್ಳಿಯಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸುವುದನ್ನು ಹುಡುಗ ಅವನಿಂದ ನೋಡಿ ಕಲಿತಿದ್ದ. ಶಾಲೆಗೆ ಹೋದವನಲ್ಲ. 1841ರಲ್ಲಿ ಒಂದು ದಿನ ಯಜಮಾನ ನೋಡುತ್ತಾನೆ, ವರ್ಷಗಟ್ಟಲೆ ಬಂಜೆಯಾಗಿದ್ದ ಬಳ್ಳಿಯಲ್ಲಿ ಕೋಡು! ಹುಡುಗ ಕಡ್ಡಿಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ಬಿಟ್ಟಿದ್ದ. ಅಷ್ಟೇ. ಆಮೇಲೆ ಅವನನ್ನು ತೋಟದಿಂದ ತೋಟಕ್ಕೆ ಕರೆದೊಯ್ದು ಉಳಿದ ಗುಲಾಮರಿಗೆ ಕಲಿಸಿದರು. ದ್ವೀಪದ ಯಜಮಾನರು ವೆನಿಲ್ಲಾದಿಂದ ಶ್ರೀಮಂತರಾದರು. ಮುಂದೆ ಅದೇ ವಿದ್ಯೆ ಮಡಗಾಸ್ಕರಿಗೂ ಹೋಯಿತು, ಈಗ ಲೋಕದಲ್ಲಿ ಅತಿ ಹೆಚ್ಚು ಬೆಳೆಯುವುದು ಅಲ್ಲಿಯೇ.

ಎಡ್ಮಂಡನಿಗೆ ಏನು ಸಿಕ್ಕಿತು? 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯೂ ಆಲ್ಬಿಯಸ್ ಎಂಬ ಉಪನಾಮವೂ ಸಿಕ್ಕಿದವು. ಹಣ ಸಿಗಲಿಲ್ಲ. ಕಳ್ಳತನದ ಕೇಸಿನಲ್ಲಿ ಜೈಲಿಗೂ ಹೋದ. ರಿಷಾರ್ ಎಂಬ ಸಸ್ಯಶಾಸ್ತ್ರಜ್ಞ, ಈ ವಿಧಾನ ತನ್ನದೇ ಎಂದು ಹೇಳಿಕೊಂಡ. ಕಪ್ಪು ಹುಡುಗನಿಗೆ ಇಷ್ಟು ಬುದ್ಧಿ ಎಲ್ಲಿಂದ ಎಂದು ಕೇಳುವವರಿಗೆ ಅದು ಅನುಕೂಲವೇ ಆಯಿತು. ಹಳೆಯ ಯಜಮಾನ ಮಾತ್ರ ಹುಡುಗನ ಪರವಾಗಿ ಪತ್ರ ಬರೆದ. ಆ ಪತ್ರದಿಂದಲೇ ನಮಗೆ ಎಡ್ಮಂಡನ ಹೆಸರು ಗೊತ್ತಾದದ್ದು ಎನ್ನಬಹುದು. 1880ರಲ್ಲಿ ಅವನು ಬಡವನಾಗಿಯೇ ತೀರಿಕೊಂಡ.

ನಮ್ಮ ಕಡೆಯ ಕತೆ ಚಿಕ್ಕದು. 2000ರಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಧಾರಣೆ ಏರಿತು. 2003ರ ಹೊತ್ತಿಗೆ ಕಿಲೋ ಹಸಿ ಕೋಡಿಗೆ ಸಾವಿರಾರು ರೂಪಾಯಿ. ತೋಟದಲ್ಲಿ ರಾತ್ರಿ ಕಾವಲು ಬೇರೆ! ಮರುವರ್ಷದಿಂದಲೇ ಧಾರಣೆ ಕುಸಿಯಿತು, ಹೆಚ್ಚಿನವರು ಬಳ್ಳಿ ಕಿತ್ತರು.

ಆದರೂ ಶಾಲೆಯ ತೋಟದಲ್ಲಿ ಎರಡು ಬಳ್ಳಿ ಬೆಳೆಸಬಹುದು. ಸುಮಾರು ಒಂದು ಮೀಟರ್ ಉದ್ದದ ತುಂಡನ್ನು ಗ್ಲಿರಿಸೀಡಿಯಾ ಗೂಟದ ಬುಡದಲ್ಲಿ ನೆಡಿ, ಅರ್ಧ ನೆರಳು ಇರಲಿ. ಬುಡಕ್ಕೆ ತರಗೆಲೆ ಹಾಕಿ, ನೀರು ನಿಲ್ಲಬಾರದು. ಕೈಗೆ ಎಟಕುವ ಎತ್ತರದಲ್ಲಿ ಬಳ್ಳಿಯನ್ನು ಕೆಳಕ್ಕೆ ಬಾಗಿಸಿ ಬಿಡಬೇಕು. ಹೂ ಸಾಮಾನ್ಯವಾಗಿ ಮೂರನೇ ವರ್ಷಕ್ಕೆ. ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ, ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವುದು ಮೊದಲ ಪೀರಿಯಡ್‌ನಲ್ಲೇ ಆಗಬೇಕು.