ಅಂಧರ ಸ್ಪರ್ಶಲಿಪಿಯೂ ಭಾರತೀಯ ವರ್ಣಮಾಲೆಯೂ

ಮಹಾಭಾರತದಲ್ಲಿ ಧೃತರಾಷ್ಟ್ರನಿಗೆ ಪ್ರಜ್ಞಾಚಕ್ಷುವೆಂಬ ವಿಶೇಷಣವುಂಟೆಂಬುದು ವಾಚಕರಿಗೆ ವಿದಿತವೇ ಇದೆ. ಚರ್ಮಚಕ್ಷುಸ್ಸು ಇಲ್ಲದವನಿಗೆ ಪ್ರಜ್ಞೆಯೇ ಚಕ್ಷುಸ್ಸೆಂದು ಅದರ ಅರ್ಥ. ಈ ಶಬ್ದವು ಗೌರವಸೂಚಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಗ್ರಂಥದ ಭೀಷ್ಮಪರ್ವದಲ್ಲಿ ಆ ಅರಸನಿಗೆ ಯುದ್ಧವಾರ್ತೆಯು ದೊರೆತ ಬಗೆಯನ್ನು ಪರಿಶೀಲಿಸಿದರೆ ಮತ್ತೊಂದು ಅಂಶವು ಗೋಚರವಾಗುತ್ತದೆ. ವ್ಯಾಸರು ದೃಷ್ಟಿಯನ್ನು ಅನುಗ್ರಹಿಸುವೆನೆಂದಾಗ ಅರಸನು ಬಂಧುವಧೆಯನ್ನು ನೋಡಲೊಲ್ಲೆನೆಂದು ನಿರಾಕರಿಸುತ್ತಾನೆ. ದಿವ್ಯದೃಷ್ಟಿಯು ಸಂಜಯನ ಪಾಲಾಗುತ್ತದೆ. ಅಲ್ಲಿಂದ ಮುಂದೆ ಅರಸನಿಗೆ ತಿಳಿಯುವುದು ಸಂಜಯನು ಹೇಳಿದಷ್ಟು, ಹೇಳಿದ ಹೊತ್ತಿಗೆ, ಹೇಳಿದ ಕ್ರಮದಲ್ಲಿ. ಸಂಜಯನು ಸತ್ಯವಾದಿಯಾದುದರಿಂದ ಅರಸನಿಗೆ ಹಾನಿಯಾಗಲಿಲ್ಲ. ಆದರೆ ಪ್ರತಿಯೊಬ್ಬ ಅಂಧನಿಗೂ ಒಬ್ಬ ಸಂಜಯನು ದೊರೆಯುವನೆಂಬ ನಿಯಮವಿಲ್ಲವಷ್ಟೆ. ಅನ್ಯರ ಬಾಯಿಯನ್ನು ಕಾಯದೆ ತಾನೇ ಓದಿ ತಿಳಿಯುವ ಸಾಧನವು ಅಂಧರಿಗೆ ಯಾವಾಗ, ಯಾರಿಂದ ಲಭಿಸಿತು, ಅದು ನಮ್ಮ ವರ್ಣಮಾಲೆಗೆ ಹೇಗೆ ಹೊಂದಿಕೊಂಡಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ವಿದ್ಯೆಯು ಬಹುಕಾಲ ಶ್ರವಣದಿಂದಲೇ ಬಂದಿತು. ಗುರುಮುಖದಿಂದ ಕೇಳಿ ಧಾರಣೆ ಮಾಡುವ ಪದ್ಧತಿಯಲ್ಲಿ ಅಂಧನಿಗೆ ಕಣ್ಣುಳ್ಳವನಿಗಿಂತ ಹೆಚ್ಚಿನ ಕೊರತೆಯೇನೂ ಇರಲಿಲ್ಲವೆಂದು ಕೆಲವರು ವಾದಿಸುವುದುಂಟು. ಸಂಗೀತದ ಮಟ್ಟಿಗೆ ಇದು ನಿಜ. ಗದುಗಿನ ಪಂಚಾಕ್ಷರ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ದೃಷ್ಟಿಹೀನರು. ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಮಂದಿ ಅಂಧ ಬಾಲಕರು ಕೇಳಿ ಕಲಿತೇ ವಿದ್ವಾಂಸರಾದರು. ಪರಂತು ಶ್ರವಣವಿದ್ಯೆಗೆ ಒಂದು ಎಲ್ಲೆಯುಂಟು. ಗುರುವು ಹೇಳದುದನ್ನು ಶಿಷ್ಯನು ಅರಿಯಲಾರನು. ಮರೆತ ಪಂಕ್ತಿಯನ್ನು ನಡುರಾತ್ರಿಯಲ್ಲಿ ತೆಗೆದು ನೋಡಲಾರನು. ತನಗೆ ಬಂದ ಕಾಗದವನ್ನು ಪರರ ಕಿವಿಗೆ ಬೀಳದಂತೆ ಓದಿಕೊಳ್ಳಲಾರನು. ಈ ಎಲ್ಲೆಯನ್ನು ದಾಟಿಸುವುದು ಲಿಪಿಯೊಂದೇ.

ಅಂಧರಿಗೆ ಲಿಪಿಯನ್ನು ಕಲಿಸುವ ವ್ಯವಸ್ಥಿತ ಪ್ರಯತ್ನವು ಫ್ರಾನ್ಸ್ ದೇಶದಲ್ಲಿ ನಡೆಯಿತು. ಪ್ಯಾರಿಸ್ ನಗರದ ಒಂದು ಜಾತ್ರೆಯಲ್ಲಿ ಅಂಧರಿಗೆ ವಿಕಾರವಾದ ವೇಷವನ್ನೂ ಗಾಜಿಲ್ಲದ ಕನ್ನಡಕವನ್ನೂ ತೊಡಿಸಿ ಜನರು ನಗುತ್ತಿದ್ದುದನ್ನು 1771ರಲ್ಲಿ ಕಂಡ ವಾಲೆಂಟಿನ್ ಹಾವಿ ಎಂಬ ಸಜ್ಜನನು ಮನನೊಂದು, 1784ರಲ್ಲಿ ಒಬ್ಬ ಅಂಧ ಭಿಕ್ಷುಕ ಬಾಲಕನಿಗೆ ಪಾಠವನ್ನು ಆರಂಭಿಸಿದನು. ಅದರಿಂದಲೇ ಅಂಧರ ಪಾಠಶಾಲೆಯು ಹುಟ್ಟಿತು. ಅವನು ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಅಚ್ಚೊತ್ತಿಸಿದನು. ಬಾಲಕರು ಬೆರಳಿನಿಂದ ತಡವಿ ಓದಿದರು. ಆದರೆ ಆ ಪುಸ್ತಕಗಳು ಎತ್ತಲಾಗದಷ್ಟು ಭಾರ. ಓದು ಅತಿ ಮಂದ. ಆ ಅಕ್ಷರಗಳನ್ನು ಅಂಧನು ತನ್ನ ಕೈಯಿಂದ ಬರೆಯುವುದಂತೂ ಬಹು ದುಷ್ಕರ. ಕಾರಣವು ಸ್ಪಷ್ಟ. ಕಣ್ಣಿಗಾಗಿ ನಿರ್ಮಿತವಾದ ಆಕೃತಿಯನ್ನು ಬೆರಳಿನ ಮೇಲೆ ಹೇರಿದುದೇ ಅದರ ದೋಷ.

ಎರಡನೆಯ ಪ್ರಯತ್ನವು ಷಾರ್ಲ್ ಬಾರ್ಬಿಯೇ ಎಂಬವನದು. ರೇಖೆಗಿಂತ ಬಿಂದುವನ್ನು ಬೆರಳು ಬೇಗ ಗ್ರಹಿಸುವುದೆಂದು ಅರಿತು ಅವನು ಹನ್ನೆರಡು ಬಿಂದುಗಳ ಲಿಪಿಯೊಂದನ್ನು ಕಲ್ಪಿಸಿ 1821ರಲ್ಲಿ ಪ್ಯಾರಿಸಿನ ಶಾಲೆಗೆ ತಂದನು. ಅದು ಫ್ರೆಂಚ್ ಭಾಷೆಯ ವರ್ಣಸಂಯೋಜನೆಯನ್ನು ಬಿಟ್ಟು ಕೇವಲ ಧ್ವನಿಗಳನ್ನು ಸೂಚಿಸುತ್ತಿತ್ತು. ಹನ್ನೆರಡು ಬಿಂದುಗಳು ಒಂದು ಬೆರಳ ತುದಿಗೆ ಒಮ್ಮೆಗೇ ಸಿಕ್ಕುವುದಿಲ್ಲವೆಂಬುದೂ, ಧ್ವನಿಯನ್ನು ಮಾತ್ರ ಕಲಿತವನಿಗೆ ಶುದ್ಧವಾಗಿ ಬರೆಯಲು ಬಾರದೆಂಬುದೂ ಅದರ ನ್ಯೂನತೆಗಳು.

ಇವುಗಳನ್ನು ಕಂಡುಹಿಡಿದವನು ಆ ಶಾಲೆಯ ಅಂಧ ವಿದ್ಯಾರ್ಥಿಯೇ. ಲೂಯಿ ಬ್ರೈಲ್ 1809ರಲ್ಲಿ ಕೂವ್ರೇ ಗ್ರಾಮದಲ್ಲಿ ಹುಟ್ಟಿದನು. ತಂದೆಯು ಕುದುರೆಯ ಜೀನು, ಸರಂಜಾಮುಗಳನ್ನು ಹೊಲಿಯುವವನು. ಮೂರು ವರ್ಷದ ಮಗುವು ಆ ಕಮ್ಮಟದಲ್ಲಿ ಆಡುತ್ತಿರುವಾಗ ಚೂಪಾದ ಉಪಕರಣವು ಒಂದು ಕಣ್ಣಿಗೆ ತಗುಲಿ, ವ್ರಣವು ಎರಡನೆಯದಕ್ಕೂ ವ್ಯಾಪಿಸಿ ಎರಡು ಕಣ್ಣುಗಳೂ ಹೋದವು. 1819ರಲ್ಲಿ ಪ್ಯಾರಿಸಿನ ಶಾಲೆಗೆ ಸೇರಿದ ಅವನು ಹದಿನೈದನೆಯ ವಯಸ್ಸಿನಲ್ಲಿಯೇ ಹನ್ನೆರಡನ್ನು ಆರಕ್ಕೆ ಇಳಿಸಿದನು. ಮೂರು ಮೂರರಂತೆ ಎರಡು ಸಾಲು, ಆರು ಬಿಂದುಗಳು, ಅವುಗಳ ಭೇದಗಳಿಂದ ಅರುವತ್ತುಮೂರು ಸಂಜ್ಞೆಗಳು. ಒಂದೊಂದು ಸಂಜ್ಞೆಯೂ ಬೆರಳ ತುದಿಯ ಕೆಳಗೆ ಅಡಗುತ್ತದೆ. ಬರೆಯಲು ಒಂದು ಚೌಕಟ್ಟು, ಒಂದು ಮೊನೆ ಸಾಕು. ಈ ಪದ್ಧತಿಯನ್ನು ಅವನು 1829ರಲ್ಲಿ ಪ್ರಕಟಿಸಿದನು.

ಇಷ್ಟು ಉಪಯುಕ್ತವಾದುದು ಕೂಡಲೇ ಅಂಗೀಕೃತವಾಗಲಿಲ್ಲ. 1840ರಲ್ಲಿ ಶಾಲೆಯ ಮುಖ್ಯಸ್ಥನಾದ ಡ್ಯುಫೋ ಎಂಬವನು ಇದರ ಬಳಕೆಯನ್ನು ತಡೆದನು. ಕಣ್ಣುಳ್ಳವರು ಓದಲಾಗದ ಲಿಪಿಯು ಅಂಧರನ್ನು ಸಮಾಜದಿಂದ ಬೇರ್ಪಡಿಸುವುದೆಂಬುದು ಇಂತಹವರ ಆಕ್ಷೇಪ. ವಿದ್ಯಾರ್ಥಿಗಳಾದರೋ ಗುಟ್ಟಾಗಿ ಅದರಲ್ಲಿಯೇ ಬರೆದುಕೊಂಡರು. ಕಡೆಗೆ 1844ರಲ್ಲಿ ಶಾಲೆಯ ನೂತನ ಭವನದ ಪ್ರಾರಂಭೋತ್ಸವದಲ್ಲಿ ಲಿಪಿಯ ಪ್ರಯೋಜನವು ಬಹಿರಂಗವಾಗಿ ಪ್ರದರ್ಶಿತವಾಯಿತು. ಬ್ರೈಲನು 1852ರಲ್ಲಿ ಮೃತನಾದನು. ಫ್ರಾನ್ಸ್ ಸರಕಾರದ ಮಾನ್ಯತೆಯು ದೊರೆತುದು 1854ರಲ್ಲಿ. ಆಂಗ್ಲಭಾಷೆಯಲ್ಲಿಯೂ ಪರಸ್ಪರ ವಿರುದ್ಧವಾದ ಬಿಂದುಲಿಪಿಗಳು ಹುಟ್ಟಿ, ಅಮೆರಿಕದಲ್ಲಿ ದೀರ್ಘಕಾಲ ಕಲಹವು ನಡೆದು, 1932ರಲ್ಲಿ ಮಾತ್ರ ಅಮೆರಿಕಕ್ಕೂ ಇಂಗ್ಲೆಂಡಿಗೂ ಸಮಾನವಾದ ಕ್ರಮವು ನಿಶ್ಚಿತವಾಯಿತು.

ನಮ್ಮ ದೇಶದಲ್ಲಿಯೂ ಇದೇ ಗೊಂದಲವು ಪುನರಾವೃತ್ತವಾಯಿತು. 1887ರಲ್ಲಿ ಅಮೃತಸರದಲ್ಲಿ ಆನಿ ಷಾರ್ಪ್ ಎಂಬ ಮಹಿಳೆಯು ಅಂಧರ ಶಾಲೆಯನ್ನು ತೆರೆದಳು. 1901ರಲ್ಲಿ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆಯಾಯಿತು. ಒಂದೊಂದು ಪ್ರಾಂತದವರು ಒಂದೊಂದು ಬ್ರೈಲನ್ನು ಕಲ್ಪಿಸಿದರು. ಮೈಸೂರು ಬ್ರೈಲೆಂಬುದೂ ಅವುಗಳಲ್ಲೊಂದು. ಒಂದೆಡೆ ಕಲಿತವನು ಮತ್ತೊಂದೆಡೆಯ ಪುಸ್ತಕವನ್ನು ಓದಲಾರನು. ಮೊದಲೇ ವಿರಳವಾದ ಪುಸ್ತಕಗಳು ಇದರಿಂದ ಮತ್ತಷ್ಟು ವಿರಳವಾದವು. 1949ರಲ್ಲಿ ಭಾರತ ಸರಕಾರವು ಯುನೆಸ್ಕೊ ಸಂಸ್ಥೆಗೆ ಬರೆದು ಇದರ ಪರಿಹಾರವನ್ನು ಕೋರಿತು. ಈ ಕಾರ್ಯದಲ್ಲಿ ಸಲಹೆಗಾರನಾದ ಕ್ಲೂಥಾ ಮೆಕೆಂಜಿಯು 1915ರಲ್ಲಿ ಗಲ್ಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡವನು. ಪ್ಯಾರಿಸ್, ಬೇರೂತ್ ನಗರಗಳ ಸಭೆಗಳ ಬಳಿಕ 1951ರಲ್ಲಿ ಭಾರತಿ ಬ್ರೈಲ್ ಸಿದ್ಧವಾಯಿತು.

ಭಾಷಾಶಾಸ್ತ್ರದ ದೃಷ್ಟಿಯಿಂದ ಇದರ ರಚನೆಯು ಗಮನಾರ್ಹವಾದುದು. ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲಿಯೂ ಸಾಮಾನ್ಯವಾಗಿ ಒಂದೇ ಸಂಜ್ಞೆ. ಆಂಗ್ಲದ 'ಕೆ' ಅಕ್ಷರದ ಸಂಜ್ಞೆಯೇ ಕಕಾರಕ್ಕೂ, 'ಎಮ್' ಅಕ್ಷರದ್ದೇ ಮಕಾರಕ್ಕೂ, 'ಎಲ್' ಅಕ್ಷರದ್ದೇ ಲಕಾರಕ್ಕೂ ಸಂದಿವೆ. ವ್ಯಂಜನದಲ್ಲಿ ಅಕಾರವು ಅಂತರ್ಗತವಾದುದರಿಂದ 'ಕಮಲ' ಎಂಬ ಶಬ್ದಕ್ಕೆ ಮೂರೇ ಸಂಜ್ಞೆಗಳು ಸಾಕು. ಗುಣಿತಾಕ್ಷರದಲ್ಲಿ ವ್ಯಂಜನದ ಮುಂದೆ ಸ್ವರವನ್ನೇ ಇಡುತ್ತಾರೆ. ಒತ್ತಕ್ಷರಕ್ಕೆ ನಾಲ್ಕನೆಯ ಬಿಂದುವೊಂದು ಹಲಂತದ ಚಿಹ್ನೆ. ಸಂಸ್ಕೃತದಲ್ಲಿಲ್ಲದ ನಮ್ಮ ಹ್ರಸ್ವ ಎಕಾರ, ಒಕಾರಗಳಿಗೂ ಬೇರೆ ಸಂಜ್ಞೆಗಳುಂಟು. ಆ 'ಕಮಲ' ಶಬ್ದವನ್ನೇ ಕನ್ನಡದವನು, ತೆಲುಗಿನವನು, ಬಂಗಾಳದವನು ಕಣ್ಣಿನಿಂದ ಓದಬೇಕಾದರೆ ಮೂರು ಲಿಪಿಗಳು ಬೇಕು. ಬೆರಳಿಗೆ ಮೂವರಿಗೂ ಅದು ಒಂದೇ. ಧ್ವನಿಯನ್ನು ಹಿಡಿದ ಬಾರ್ಬಿಯೇ ಶುದ್ಧಬರವಣಿಗೆಯನ್ನು ಕಳೆದುಕೊಂಡನು. ಬ್ರೈಲನು ಬರವಣಿಗೆಗೆ ಮರಳಿದನು. ಸ್ಥಾನಪ್ರಯತ್ನಗಳ ಕ್ರಮದಿಂದ ವರ್ಣಗಳನ್ನು ವಿಂಗಡಿಸಿದ ಪ್ರಾಚೀನ ಶಿಕ್ಷಾಕಾರರ ಪರಿಶ್ರಮದಿಂದ ನಮ್ಮಲ್ಲಿ ಇವೆರಡೂ ಬಹುಮಟ್ಟಿಗೆ ಏಕತ್ರ ಕೂಡಿಬಂದಿವೆ.

ಲಿಪಿಯು ಸಿದ್ಧವಾದರೂ ಗ್ರಂಥಗಳು ಬೇಕಷ್ಟೆ. ಗ್ರಂಥಸ್ವಾಮ್ಯದ ಕಾಯಿದೆಗಳು ಅಂಧರ ಪ್ರತಿಗಳಿಗೆ ಅಡ್ಡಿಯಾಗದಂತೆ ಭಾರತವು 2012ರಲ್ಲಿ ತನ್ನ ಕಾಯಿದೆಯನ್ನು ತಿದ್ದಿತು. 2013ರ ಮರಾಕೆಶ್ ಒಡಂಬಡಿಕೆಯನ್ನು 2014ರಲ್ಲಿ ಸ್ಥಿರೀಕರಿಸಿದ ಮೊದಲ ದೇಶವೂ ಭಾರತವೇ. ಈಗ ಗಣಕಯಂತ್ರವು ಕನ್ನಡವನ್ನು ಓದಿ ಹೇಳಬಲ್ಲದು, ಬ್ರೈಲಿಗೆ ತಿರುಗಿಸಬಲ್ಲದು, ಮಂದದೃಷ್ಟಿಯವರಿಗೆ ಅಕ್ಷರವನ್ನು ಹಿಗ್ಗಿಸಿ ತೋರಿಸಬಲ್ಲದು. ಆದರೆ ಪುಟವನ್ನು ಚಿತ್ರಮಾತ್ರವಾಗಿ ಇರಿಸಿದರೆ, ಇಲ್ಲವೆ ಯೂನಿಕೋಡ್ ಅಲ್ಲದ ಹಳೆಯ ಅಚ್ಚುಗಳಲ್ಲಿ ಕೂಡಿಸಿದರೆ, ಓದುವ ಯಂತ್ರಕ್ಕೆ ಅದು ಬರಿಯ ಮೌನ, ಇಲ್ಲವೆ ಅಪಶಬ್ದಗಳ ರಾಶಿ. ಕಣ್ಣಿಗೆ ಅಂದವಾಗಿ ಕಂಡರೆ ಸಾಕೆಂಬ ಹಾವಿಯ ಕಾಲದ ದೋಷವೇ ಇಲ್ಲಿ ಮತ್ತೆ ತಲೆದೋರಿದೆ.

ಇಷ್ಟರಿಂದ ನಿಷ್ಪನ್ನವಾಗುವ ಅರ್ಥವು ಇದು: ಕಣ್ಣುಳ್ಳವರ ಕರುಣೆಯು ಶಾಲೆಯನ್ನು ಕಟ್ಟಿತು, ಲಿಪಿಯನ್ನು ಕೊಟ್ಟುದು ಅಂಧನ ಅನುಭವವು. ಕನ್ನಡದ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಪ್ರಕಟಿಸುವವರು ಪುಸ್ತಕವನ್ನು ಅಚ್ಚಿಗೆ ಕಳುಹಿಸುವ ಮೊದಲು ಒಬ್ಬ ಅಂಧ ವಾಚಕನ ಕೈಯಲ್ಲಿ ಅದನ್ನು ಪರೀಕ್ಷಿಸುವುದು ಯುಕ್ತ. ಪ್ರಜ್ಞಾಚಕ್ಷುವೆಂಬ ಬಿರುದನ್ನು ಕೊಡುವುದು ಸುಲಭ. ಆ ಚಕ್ಷುಸ್ಸಿನ ಮುಂದೆ ಓದಲು ಪುಟವನ್ನು ಇಡುವುದು ನಮ್ಮ ಕರ್ತವ್ಯ.